ಕಾಸರಗೋಡು: ಹೊಸ ಕನ್ನಡ ಗ್ರಂಥಾಲಯ–ಮ್ಯೂಸಿಯಂ ಬೇಕೇ, ಇರುವ ವಾಚನಾಲಯಕ್ಕೆ ಹೋದರೆ ಸಾಲದೇ?

ಮಧೂರು ರಸ್ತೆ (ಚರ್ಚೆ ಆರಂಭಿಸಿದವರು)

ಕಾಸರಗೋಡು ಪೇಟೆಯಲ್ಲಿ ಸಂಜೆ ಒಂದೂವರೆ ಗಂಟೆ ಕಳೆಯಬೇಕಾಗಿದೆ ಎಂದಿಟ್ಟುಕೊಳ್ಳಿ. ಮಗಳ ಟ್ಯೂಷನ್ ಮುಗಿಯಬೇಕು, ಅಥವಾ ಊರಿನ ಬಸ್ಸಿಗೆ ಇನ್ನೂ ಹೊತ್ತಿದೆ. ಏನನ್ನೂ ಕೊಳ್ಳದೆ, ಯಾರ ಅಂಗಡಿಗೂ ಅಡ್ಡವಾಗದೆ, ಒಂದು ಫ್ಯಾನಿನ ಅಡಿಯಲ್ಲಿ ಕುಳಿತುಕೊಳ್ಳಲು ಎಲ್ಲಿಗೆ ಹೋಗುತ್ತೀರಿ? ಹೋಟೆಲಿನಲ್ಲಿ ಚಹಾ ಮುಗಿದ ಮೇಲೆ ಹತ್ತು ನಿಮಿಷ ಕುಳಿತರೆ ಮೇಜು ಒರೆಸುವ ಬಟ್ಟೆ ನಮ್ಮ ಮೊಣಕೈಯವರೆಗೂ ಬರುತ್ತದೆ. ದೇವಸ್ಥಾನ, ಮಸೀದಿ, ಇಗರ್ಜಿಗಳಲ್ಲಿ ಜಾಗವಿದೆ, ಆದರೆ ಅಲ್ಲಿಗೆ ಅವರವರು ಹೋಗುತ್ತಾರೆ. ಯಾವ ಜಾತಿ, ಯಾವ ಭಾಷೆ, ಕಿಸೆಯಲ್ಲಿ ಎಷ್ಟಿದೆ ಎಂದು ಕೇಳದ ಜಾಗ ನನಗೆ ಕಂಡಂತೆ ವಾಚನಾಲಯ. ಮ್ಯೂಸಿಯಂ ಕೂಡ ಹಾಗೆಯೇ ಇರಬೇಕಾದದ್ದು.

ಈಗ ಇದನ್ನು ಎತ್ತಲು ಕಾರಣವಿದೆ. ನಮ್ಮ ಕಡೆಯ ಕೆಲವು ಹಿರಿಯರು ಸೇರಿ ಕನ್ನಡಕ್ಕೆಂದೇ ಒಂದು ಹೊಸ ಗ್ರಂಥಾಲಯ, ಅದರ ಮಹಡಿಯಲ್ಲೊಂದು ಮ್ಯೂಸಿಯಂ ಕಟ್ಟಿಸುವ ಆಲೋಚನೆಯಲ್ಲಿದ್ದಾರೆ. ಕರ್ನಾಟಕ ಸರ್ಕಾರಕ್ಕೆ ಮನವಿ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಬರೆಯಲು ಕುಳಿತರೆ ಕೈ ಓಡುವುದಿಲ್ಲ. ನಾನು ಹೋಗುವ ವಾಚನಾಲಯವೊಂದರಲ್ಲಿ ಕನ್ನಡದ ಕಪಾಟು ಈಗಾಗಲೇ ಇದೆ. ಮೊದಲು ಓದುವ ಕೋಣೆಯಲ್ಲಿತ್ತು; ಈಗ ಮೆಟ್ಟಿಲಿನ ಕೆಳಗೆ, ಮುರಿದ ಕುರ್ಚಿಗಳ ಪಕ್ಕದಲ್ಲಿದೆ. ಕೇಳಿದರೆ "ಯಾರೂ ಒಯ್ಯುವುದಿಲ್ಲವಲ್ಲ" ಎಂಬ ಉತ್ತರ ಬಂತು. ಅದನ್ನು ಸುಳ್ಳೆನ್ನಲು ನನ್ನಲ್ಲಿ ಆಧಾರವಿಲ್ಲ.

ಹೊಸ ಕಟ್ಟಡ ಬೇಕೋ, ಇರುವ ಕಪಾಟನ್ನು ಬೆಳಕಿಗೆ ತರುವುದು ಮೊದಲೋ? ಬೇರೆ ರಾಜ್ಯಗಳ ಗಡಿಯಲ್ಲಿರುವ ಕನ್ನಡಿಗರೂ ತಮ್ಮ ಊರಿನ ಸ್ಥಿತಿ ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಅಧ್ಯಾಪಕ, ಬದಿಯಡ್ಕ

ಬರೆಯಿರಿ. ಇದರಲ್ಲಿ ಯೋಚಿಸುವುದೇನಿದೆ? 1956ರ ನವೆಂಬರ್ 1ರಂದು ನಮ್ಮ ಮಾತಿಗೆ ಬೆಲೆ ಕೊಡದೆ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದಕ್ಕೆ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಅದು ಕಡತದಲ್ಲೇ ಉಳಿಯಿತು. ಅದಕ್ಕಾಗಿ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿಯೂ ಅದು ಈಡೇರುವುದನ್ನು ಕಾಣಲಿಲ್ಲ. 2017ರಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾಯಿದೆ ಬಂತು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ, ಮಕ್ಕಳೂ ಪೋಷಕರೂ ಪ್ರತಿಭಟನೆಗೆ ಕುಳಿತ ಸುದ್ದಿಯನ್ನು ಎಲ್ಲರೂ ಪತ್ರಿಕೆಯಲ್ಲಿ ಓದಿದ್ದೇವೆ.

ಇಷ್ಟೆಲ್ಲ ಆದ ಮೇಲೂ ಬೇರೆಯವರ ಜಗಲಿಯ ಮೂಲೆಯಲ್ಲಿ ಒಂದು ಕಪಾಟಿಗೆ ಜಾಗ ಬೇಡುತ್ತಾ ಇರಬೇಕೇ? ನಮ್ಮದೆಂಬ ಸೂರು ಬೇಕು. ಅದರ ಮೇಲೆ ಕನ್ನಡದ ಫಲಕ ಬೇಕು. ಕಿರಿಯರಿಗೆ ಇದು ಭಾವುಕತೆ ಎನಿಸಬಹುದು. ಆಗಲಿ. ಫಲಕವೂ ಇಲ್ಲದೆ ಹೋದರೆ ಮುಂದೆ ಭಾವುಕರಾಗುವುದಕ್ಕೂ ಏನೂ ಉಳಿಯುವುದಿಲ್ಲ.

ಕುಂಬಳೆಯವ, ಈಗ ಬೆಂಗಳೂರು

ಮಾಸ್ತರರ ಮಾತನ್ನು ಬೇರೊಂದು ಕಾರಣಕ್ಕೆ ಒಪ್ಪುತ್ತೇನೆ. ಕಟ್ಟಡಕ್ಕೆ ತನ್ನದೇ ಬೆಲೆಯಿದೆ. ಇಲ್ಲಿ ಕಬ್ಬನ್ ಉದ್ಯಾನದ ಒಳಗೆ 1915ರಲ್ಲಿ ಕಟ್ಟಿದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವಿದೆ. ರಾಜ್ಯ ಕೇಂದ್ರ ಗ್ರಂಥಾಲಯ ಇರುವುದು ಅಲ್ಲಿಯೇ. ಎತ್ತರದ ಛಾವಣಿ, ಸುತ್ತ ಮರಗಳು. ಕಾವಲುಗಾರ, ಕೆಲಸ ಹುಡುಕಿ ಬಂದ ಹುಡುಗ, ನಿವೃತ್ತ ಅಧಿಕಾರಿ ಎಲ್ಲರೂ ಅಕ್ಕಪಕ್ಕ ಕುಳಿತಿರುತ್ತಾರೆ. ಬಾಡಿಗೆಗೆ ಹತ್ತಡಿಯ ಕೋಣೆ ಸಿಕ್ಕರೆ ಸಾಕೆನ್ನುವ ನಗರದಲ್ಲಿ ಬಡವನಿಗೂ ಅಷ್ಟು ದೊಡ್ಡ ಕೋಣೆ ದಕ್ಕುತ್ತದೆ. ಹಂಚಿನ ಮಾಡಿನ ಒಂದು ಕೋಣೆ, ಟ್ಯೂಬ್‌ಲೈಟ್, ಪ್ಲಾಸ್ಟಿಕ್ ಕುರ್ಚಿ ಇಷ್ಟಕ್ಕೇ ನಾವು ತೃಪ್ತರಾಗಬೇಕೇ?

ಹಾಗೆಂದು ಇಲ್ಲಿ ಎಲ್ಲವೂ ಸುಗಮ ಎಂದು ತಿಳಿಯಬೇಡಿ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಪಾಲಿಕೆ ಅದನ್ನು ಇಲಾಖೆಗೆ ಕೊಡದೆ ಬಾಕಿ ಉಳಿಸಿಕೊಂಡ ಸುದ್ದಿ ಮತ್ತೆ ಮತ್ತೆ ಬರುತ್ತದೆ.

ಎಡನೀರು

ಕಾಸರಗೋಡಿನ ಕನ್ನಡದ ಚಿಂತೆ ಬೆಂಗಳೂರಿಗೆ ಹೋದವರಿಗೇ ಹೆಚ್ಚು. ಊರಿಗೆ ಬಂದಾಗ ವಾಚನಾಲಯಕ್ಕೆ ಹೋಗುತ್ತೀರಾ ಅಣ್ಣ, ಇಲ್ಲ ಬೇಕಲ ಕೋಟೆಗೆ ಹೋಗಿ ಫೋಟೋ ತೆಗೆಯುತ್ತೀರಾ?

ವಾಚನಾಲಯದ ಕಾರ್ಯದರ್ಶಿ, ಮಂಜೇಶ್ವರ ತಾಲೂಕು

ಕರ್ನಾಟಕದ ಪದ್ಧತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ವಾಚನಾಲಯಗಳ ಬಗ್ಗೆ ಮಾತನಾಡುತ್ತಿದ್ದೇವೆ. ಅಲ್ಲಿ 1965ರ ಕಾಯಿದೆಯಂತೆ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸ್ವತ್ತು. ದೂರು ಇದ್ದರೆ ಅರ್ಜಿ ಬರೆಯಬಹುದು. ಕೇರಳದಲ್ಲಿ ಹಾಗಲ್ಲ. ಇಲ್ಲಿನ ಬಹುಪಾಲು ವಾಚನಾಲಯಗಳು ಊರವರೇ ಸೇರಿ ಕಟ್ಟಿಕೊಂಡ ಸಂಘಗಳು. ಯಾರೋ ಜಾಗ ಬಿಟ್ಟುಕೊಟ್ಟಿರುತ್ತಾರೆ, ಯಾರೋ ಮರ ಕೊಟ್ಟಿರುತ್ತಾರೆ. ಪಿ. ಎನ್. ಪಣಿಕ್ಕರ್ 1945ರಲ್ಲಿ ತಿರುವಾಂಕೂರಿನ ನಲವತ್ತೇಳು ವಾಚನಾಲಯಗಳನ್ನು ಒಟ್ಟುಗೂಡಿಸಿ ಕಟ್ಟಿದ ಗ್ರಂಥಶಾಲಾ ಸಂಘ ಹೀಗೆಯೇ ಬೆಳೆದದ್ದು. 1975ರಲ್ಲಿ ಅದಕ್ಕೆ ಯುನೆಸ್ಕೊದ ಕ್ರುಪ್ಸ್ಕಾಯಾ ಪ್ರಶಸ್ತಿ ಬಂತು. ಅವರ ನಿಧನದ ದಿನವಾದ ಜೂನ್ 19ನ್ನು ಓದುವ ದಿನವೆಂದು ನಮ್ಮ ಶಾಲೆಗಳಲ್ಲಿ ಆಚರಿಸುವುದು ನಿಮಗೆ ಗೊತ್ತಿದೆ. 1989ರ ಕಾಯಿದೆಯ ಮೂಲಕ ಇವುಗಳ ಮೇಲೆ ತಾಲೂಕು, ಜಿಲ್ಲಾ, ರಾಜ್ಯ ಲೈಬ್ರರಿ ಕೌನ್ಸಿಲ್‌ಗಳು ಬಂದವು. ಅವಕ್ಕೂ ವಾಚನಾಲಯಗಳ ಪ್ರತಿನಿಧಿಗಳೇ ಮತ ಹಾಕುತ್ತಾರೆ. ಹಣದ ಮೂಲ ಕಟ್ಟಡ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರ, ರೂಪಾಯಿಗೆ ಐದು ಪೈಸೆ. ಕನ್ನಡಿಗರು ಪಂಚಾಯತಿಗೆ ಕಟ್ಟುವ ತೆರಿಗೆಯಲ್ಲಿಯೂ ಆ ಐದು ಪೈಸೆ ಇದೆ ಎಂಬುದನ್ನು ಮರೆಯಬಾರದು.

ಹಾಗಾದರೆ ಕಪಾಟು ಮೆಟ್ಟಿಲಿನ ಕೆಳಗೆ ಹೋದದ್ದು ಹೇಗೆ? ಅದಕ್ಕೆ ಯಾರ ಒಳಸಂಚೂ ಬೇಕಿಲ್ಲ, ರಿಜಿಸ್ಟರ್ ಸಾಕು. ತಾಲೂಕು ಕೌನ್ಸಿಲಿನವರು ಬಂದು ಸದಸ್ಯರ ಪಟ್ಟಿ, ಪುಸ್ತಕ ವಿತರಣೆಯ ಲೆಕ್ಕ, ಬರುವ ಪತ್ರಿಕೆಗಳು, ನಡೆಸಿದ ಕಾರ್ಯಕ್ರಮಗಳು ಎಲ್ಲವನ್ನೂ ನೋಡಿ ದರ್ಜೆ ಕೊಡುತ್ತಾರೆ. ದರ್ಜೆಗೆ ತಕ್ಕ ಅನುದಾನ. ಆ ಹಣದಲ್ಲಿ ಜಿಲ್ಲಾ ಪುಸ್ತಕೋತ್ಸವಕ್ಕೆ ಹೋಗಿ ಪುಸ್ತಕ ತರುತ್ತೇವೆ. ಯಾವುದು ಹೆಚ್ಚು ಹೊರಗೆ ಹೋಗುತ್ತದೆಯೋ ಅದನ್ನೇ ಸಮಿತಿ ಕೊಳ್ಳುತ್ತದೆ. ನಮ್ಮವರು ಏನು ಮಾಡುತ್ತಾರೆ? ಬರುತ್ತಾರೆ, ಉದಯವಾಣಿ ಓದುತ್ತಾರೆ, ಹಾಜರಿ ಪುಸ್ತಕದಲ್ಲಿ ಹೆಸರು ಬರೆಯದೆ ಹೋಗುತ್ತಾರೆ. ಕಾದಂಬರಿಯನ್ನು ನಿಂತಲ್ಲೇ ತಿರುವಿ ನಿಂತಲ್ಲೇ ಇಡುತ್ತಾರೆ. ಲೆಕ್ಕದ ಪ್ರಕಾರ ಅವರು ಬಂದೇ ಇಲ್ಲ. ಒಂದು ವರ್ಷ ಕನ್ನಡ ಪುಸ್ತಕ ಕೊಳ್ಳಲಿಲ್ಲ ಎಂದರೆ ಮರುವರ್ಷ ಓದುಗ ಇನ್ನೂ ಕಡಿಮೆ. ಆಮೇಲೆ ಆ ಕಪಾಟಿನ ಜಾಗಕ್ಕೆ ಕಂಪ್ಯೂಟರ್ ಮೇಜು ಬರುತ್ತದೆ.

ಇದನ್ನು ಸರಿಪಡಿಸುವ ದಾರಿಯೂ ಅದೇ ರಿಜಿಸ್ಟರಿನಲ್ಲಿದೆ. ಸದಸ್ಯರಾಗಿ. ಮಹಾಸಭೆಗೆ ಬನ್ನಿ. ಆಡಳಿತ ಸಮಿತಿಯನ್ನು ಸದಸ್ಯರೇ ಆರಿಸುವುದು. ನಮ್ಮ ಮಹಾಸಭೆಗೆ ಬರುವವರು ಒಂದು ಜೀಪಿನಲ್ಲಿ ಹಿಡಿಸುವಷ್ಟು ಮಂದಿ. ಹತ್ತು ಮನೆಯವರು ನಿಶ್ಚಯಿಸಿ ಬಂದರೆ ಖರೀದಿಯ ಪಟ್ಟಿ ಬದಲಾಗುತ್ತದೆ. ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಇದ್ದಾನೆ ಎಂದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿಯೇ ಸೂತ್ರ ಬರೆದಿಟ್ಟರು. ಗಣಿತದ ಅಧ್ಯಾಪಕರಾಗಿ ಅವರು ಕೆಲಸಕ್ಕೆ ಸೇರಿದ್ದು ನಮ್ಮ ಪಕ್ಕದ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, 1917ರಲ್ಲಿ. ಆದರೆ ಓದುಗ ಸಹಿ ಹಾಕದೆ ಹೋದರೆ ಪುಸ್ತಕ ಏನು ಮಾಡಬೇಕೆಂದು ಅವರು ಬರೆಯಲಿಲ್ಲ.

ಇನ್ನೊಂದು ಕಹಿ ಮಾತು. ಕನ್ನಡ ಪುಸ್ತಕ ದಾನ ಎಂದು ನಮಗೆ ಬರುವುದರಲ್ಲಿ ಹೆಚ್ಚಿನವು ಬಿಡುಗಡೆ ಸಮಾರಂಭದಲ್ಲಿ ಮಾರಾಟವಾಗದೆ ಉಳಿದ ಕವನ ಸಂಕಲನಗಳು, ಅದೂ ಒಂದೇ ಪುಸ್ತಕದ ಐದು ಪ್ರತಿ. ದಯವಿಟ್ಟು ನಿಲ್ಲಿಸಿ.

ಪಿ.ಎಸ್.ಸಿ. ಅಭ್ಯರ್ಥಿ, ಮುಳ್ಳೇರಿಯ

ಕಾರ್ಯದರ್ಶಿಯವರು ಹೇಳಿದ "ಬೆಳಗ್ಗಿನಿಂದ ಕುರ್ಚಿ ಹಿಡಿಯುವವರಲ್ಲಿ" ನಾನೂ ಒಬ್ಬಳು ಎಂದು ಬರೆಯಲು ಹೊರಟಿದ್ದೆ. ನೋಡಿದರೆ ಅವರು ಹಾಗೆ ಹೇಳಿಯೇ ಇಲ್ಲ. ನಮಗೆ ಬೈಗುಳ ಕೇಳಿ ಅಭ್ಯಾಸವಾಗಿದೆ, ಅದಕ್ಕೇ.

ಮನೆಯಲ್ಲಿ ಒಂದು ಚಾವಡಿ, ಒಂದು ಟಿ.ವಿ., ಅಜ್ಜಿ, ಅಣ್ಣನ ಎರಡು ಮಕ್ಕಳು. ನನ್ನದು ಎನ್ನುವ ಮೇಜು ನನಗೆ ಮೊದಲು ಸಿಕ್ಕಿದ್ದು ವಾಚನಾಲಯದಲ್ಲಿ. ಪಿ.ಎಸ್.ಸಿ., ಅಂದರೆ ಕೇರಳ ಲೋಕಸೇವಾ ಆಯೋಗದ ಪರೀಕ್ಷೆಗೆ ಓದುತ್ತಿದ್ದೇನೆ. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದು ನಮ್ಮ ಜಿಲ್ಲೆಯಲ್ಲಿ ಹುದ್ದೆಗಳಿವೆ. ಅದಕ್ಕೆ ಓದಲು ಕನ್ನಡದಲ್ಲಿ ಏನಿದೆ? ಕರ್ನಾಟಕದ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ತಂದರೆ ಅದರಲ್ಲಿ ಕದಂಬರು, ವಿಜಯನಗರ, ಅಲ್ಲಿನ ಪಂಚಾಯತ್ ರಾಜ್ ಕಾಯಿದೆ. ನಮಗೆ ಬೇಕಾದ್ದು ಶ್ರೀನಾರಾಯಣ ಗುರು, ವೈಕಂ ಸತ್ಯಾಗ್ರಹ, ಕಯ್ಯೂರು ಹೋರಾಟ, ಕೇರಳದ ನದಿಗಳು. ಮಲಯಾಳದ ಗೈಡ್ ಓದಿ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತೇವೆ. ನಾಲ್ಕು ಮಂದಿ ಸೇರಿ ಆ ಟಿಪ್ಪಣಿಗಳನ್ನು ಹಂಚಿಕೊಳ್ಳುತ್ತೇವೆ.

ಕನ್ನಡ ವಿಭಾಗ ಎಂದರೆ ಕಾದಂಬರಿ, ಯಕ್ಷಗಾನ ಪ್ರಸಂಗ, ಅಭಿನಂದನ ಗ್ರಂಥ ಇಷ್ಟೇ ಎಂದು ಏಕೆ ತಿಳಿದಿದ್ದೀರಿ? ಹೊಸ ಕಟ್ಟಡದಲ್ಲಿ ನಮಗೆ ಮೇಜು ಇರುತ್ತದೆಯೇ? ಅಥವಾ ಸನ್ಮಾನ ಸಮಾರಂಭ ಇದ್ದ ದಿನ ಎದ್ದು ಹೋಗಿ ಎನ್ನುತ್ತೀರಾ?

ನಿವೃತ್ತ ಅಧ್ಯಾಪಕ, ಬದಿಯಡ್ಕ

ಮಗಳೇ, ನೀನು ಕುಳಿತು ಓದಬೇಡ ಎನ್ನುವವನು ನಾನಲ್ಲ. ಆದರೆ ಚೀಲವನ್ನು ಕುರ್ಚಿಯ ಮೇಲೆ ಇಟ್ಟು ಊಟಕ್ಕೆ ಹೋಗುವವರಿದ್ದಾರೆ. ಎಂಬತ್ತರ ಮುದುಕ ಪತ್ರಿಕೆ ಹಿಡಿದು ನಿಂತಿರುತ್ತಾನೆ. ಚೀಲಕ್ಕೆ ಓದು ಬರುತ್ತದೆಯೇ?

ಕನ್ನಡದ ಟಿಪ್ಪಣಿಗಳ ವಿಷಯ ನನಗೆ ತಿಳಿದಿರಲಿಲ್ಲ. ಕೇರಳದ ಇತಿಹಾಸದ ಭಾಗವನ್ನು ಕನ್ನಡದಲ್ಲಿ ತಿದ್ದಿಕೊಡಲು ನಾವು ಇಬ್ಬರು ಮೂವರು ನಿವೃತ್ತರು ಇದ್ದೇವೆ. ಹೊತ್ತಿಗೆ ಬರವಿಲ್ಲ.

ಉಪ್ಪಳದ ಗೃಹಿಣಿ

ಇಲ್ಲಿಯವರೆಗೆ ಬರೆದವರಲ್ಲಿ ಒಬ್ಬರೂ ಶೌಚಾಲಯದ ಮಾತೆತ್ತಲಿಲ್ಲ. ಆ ಹುಡುಗಿ ಕೂಡ ಸಂಕೋಚಕ್ಕೆ ಬಿಟ್ಟಿರಬೇಕು.

ನಮ್ಮ ಕಡೆ ಬಹಳಷ್ಟು ವಾಚನಾಲಯಗಳು ಬಾಗಿಲು ತೆರೆಯುವುದೇ ಸಂಜೆ. ಗಂಡಸರು ಕೆಲಸ ಮುಗಿಸಿ ಬರುವ ಹೊತ್ತು ಅದು. ಹೆಂಗಸರಿಗೆ ಅದೇ ಹೊತ್ತಿಗೆ ಮಕ್ಕಳು ಶಾಲೆಯಿಂದ ಬರುತ್ತವೆ, ಒಲೆ ಹೊತ್ತಿಸಬೇಕು, ಕತ್ತಲಾದ ಮೇಲೆ ಬಸ್ಸಿಲ್ಲ. ನಮಗೆ ಬಿಡುವು ಇರುವುದು ಹನ್ನೊಂದರಿಂದ ಎರಡರವರೆಗೆ. ಆಗ ಬೀಗ. ಮನೆಗಳಿಗೇ ಪುಸ್ತಕ ತಂದುಕೊಡುವ ವನಿತಾ ಪುಸ್ತಕ ವಿತರಣೆ ಎಂಬ ಯೋಜನೆ ಲೈಬ್ರರಿ ಕೌನ್ಸಿಲಿನದ್ದೇ ಇದೆ, ಒಳ್ಳೆಯದೇ. ಆದರೆ ನನಗೆ ಪುಸ್ತಕ ಮಾತ್ರ ಸಾಕಾಗುವುದಿಲ್ಲ, ಮನೆಯಿಂದ ಹೊರಗೆ ಕುಳಿತುಕೊಳ್ಳಲು ಒಂದು ಕುರ್ಚಿಯೂ ಬೇಕು. ಇಷ್ಟು ಹೊತ್ತು ಎಲ್ಲರೂ ಹೇಳುತ್ತಿರುವುದು ಅದನ್ನೇ ತಾನೇ?

ಭಾಷೆಯ ಮಾತಿಗೆ ಬಂದರೆ, ನಮ್ಮ ಮನೆಯಲ್ಲಿ ಬ್ಯಾರಿ, ಪಕ್ಕದ ಮನೆಯಲ್ಲಿ ಉರ್ದು, ಎದುರು ಮನೆಯಲ್ಲಿ ಮರಾಠಿ, ಅಂಗಡಿಗೆ ಹೋದರೆ ತುಳು, ಕಚೇರಿಗೆ ಹೋದರೆ ಮಲಯಾಳ. ನಾನು ಓದು ಕಲಿತದ್ದು ಕನ್ನಡದಲ್ಲಿ. ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಯಲ್ಲಿ ಹೊಗಳುತ್ತೀರಿ. ಕನ್ನಡಕ್ಕೆ ಮಾತ್ರ ಎಂದು ಒಂದು ಕಟ್ಟಡ ಕಟ್ಟಿದರೆ ನನ್ನ ಎದುರು ಮನೆಯಾಕೆ ನನ್ನ ಜೊತೆ ಬರುತ್ತಾಳೆಯೇ? ಒಂದೇ ಸೂರಿನಡಿ ಕನ್ನಡದ ಕಪಾಟು ಗಟ್ಟಿಯಾಗಿ ನಿಲ್ಲಲಿ, ನನಗೆ ಅದು ಹೆಚ್ಚು ಇಷ್ಟ.

ಅಕ್ಕಲಕೋಟೆಯಿಂದ

ಎಲ್ಲರಿಗೂ ಶರ‍ಣು. ಸೊಲ್ಲಾಪುರ ಜಿಲ್ಲೆಯ ಸ್ಥಿತಿ ಹೇಳುತ್ತೇನೆ. ಮಹಾರಾಷ್ಟ್ರದ ಕಾಯಿದೆ 1967ರದ್ದು. ಅದರಲ್ಲಿ ಗ್ರಂಥಾಲಯ ಕರವೇ ಇಲ್ಲ. ಜನರು ನಡೆಸುವ ಸಾರ್ವಜನಿಕ ವಾಚನಾಲಯಗಳಿಗೆ ಅ, ಬ, ಕ, ಡ ಎಂದು ವರ್ಗ ಮಾಡಿ ಸರ್ಕಾರ ಅನುದಾನ ಕೊಡುತ್ತದೆ. ಸ್ವಲ್ಪ ನಿಮ್ಮ ಕೇರಳದ ಹಾಗೆ. ದೇಶದಲ್ಲಿ ಮೊದಲು ಗ್ರಂಥಾಲಯ ಕಾಯಿದೆ ಮಾಡಿದ್ದು ನಮ್ಮ ನೆರೆಯ ಕೊಲ್ಲಾಪುರ ಸಂಸ್ಥಾನ, 1945ರಲ್ಲಿ. ಅಲ್ಲಿನ ಕರವೀರ ನಗರ ವಾಚನ ಮಂದಿರ 1850ರಿಂದ ನಡೆಯುತ್ತಿದೆ.

ನಮ್ಮ ತೊಡಕು ಬೇರೆ. ಮನೆಮಾತು ಕನ್ನಡ, ಓದು ಮರಾಠಿ. ನಮ್ಮ ಹಳ್ಳಿಯ ಕಟ್ಟೆಯ ಪಕ್ಕದ ವಾಚನಾಲಯದಲ್ಲಿ ಮುದುಕರು ಮರಾಠಿ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಅದರ ಬಗ್ಗೆ ಕನ್ನಡದಲ್ಲಿ ಜಗಳವಾಡುತ್ತಾರೆ. ಹೊರಗಿನವರು ಬಂದು ಕನ್ನಡ ಪುಸ್ತಕದ ಕಟ್ಟು ಕೊಟ್ಟು ಫೋಟೋ ತೆಗೆಸಿಕೊಂಡರೆ ಆ ಪುಸ್ತಕ ಓದುವವರು ಯಾರು? ನಿಮ್ಮಲ್ಲಿ ಇನ್ನೂ ಕನ್ನಡ ಶಾಲೆಯಲ್ಲಿ ಕಲಿತ ಓದುಗರಿದ್ದಾರೆ. ಅದೇ ದೊಡ್ಡ ಬಂಡವಾಳ.

ಮ್ಯೂಸಿಯಂ ಎಂದರೆ ನಮ್ಮ ಹಳೆ ಅರಮನೆಯ ಶಸ್ತ್ರಾಗಾರವಿದೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದ ಪರ ಊರಿನವರು ನೋಡಿ ಹೋಗುತ್ತಾರೆ. ಊರಿನ ಹುಡುಗರಿಗೆ ಅದು ನೆಂಟರು ಬಂದಾಗ ತೋರಿಸುವ ವಸ್ತು.

ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಕೂಗುತ್ತದೆ, ಎಂಟೂವರೆಯವರೆಗೆ ಟಿ.ವಿ., ಮೊಬೈಲ್ ಬಂದ್. ಮಕ್ಕಳು ಓದಿಗೆ ಕೂರುತ್ತಾರೆ, ದೊಡ್ಡವರು ಮಾತಿಗೆ. ಅದಕ್ಕೆ ಯಾವ ಕಟ್ಟಡವನ್ನೂ ಕಟ್ಟಲಿಲ್ಲ. ಕಾಸರಗೋಡಿನಂಥ ಪೇಟೆಯಲ್ಲಿ ಸೈರನ್ ಕೂಗಿದರೆ ಯಾರು ಕೇಳುತ್ತಾರೋ ನಾನರಿಯೆ.

ಹೊಸೂರು

ತಮಿಳುನಾಡಿನಲ್ಲಿ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಹತ್ತು ಪೈಸೆ ಗ್ರಂಥಾಲಯ ಕರ, ನಿಮ್ಮ ಎರಡು ಪಾಲು. 1948ರ ಮದ್ರಾಸ್ ಕಾಯಿದೆಯ ಕಾಲದಿಂದ ಬಂದ ವ್ಯವಸ್ಥೆ. ಆ ಕಾಯಿದೆ ಬಂದಾಗ ಕಾಸರಗೋಡು ಕೂಡ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು, ಹೊಸೂರು ಕೂಡ. ಹಾಗಾಗಿ ನಾವು ಹಳೆಯ ಸಹಪಾಠಿಗಳು. ಇಲ್ಲಿ ಗ್ರಂಥಾಲಯ ಚೆನ್ನಾಗಿ ನಡೆಯುತ್ತದೆ, ಕನ್ನಡ ಮಾತ್ರ ಇಲ್ಲ. ಕೇಳಿದರೆ ಬೆಂಗಳೂರು ನಲವತ್ತು ಕಿಲೋಮೀಟರ್ ಅಲ್ಲವೇ ಎನ್ನುತ್ತಾರೆ. ಗಡಿ ಹತ್ತಿರವಿದ್ದಷ್ಟೂ ಕಪಾಟು ದೂರ.

ಮಡಕಶಿರಾ

ಮ್ಯೂಸಿಯಂ ವಿಷಯಕ್ಕೆ ಯಾರೂ ಬರುತ್ತಿಲ್ಲ, ನಾನು ಬರುತ್ತೇನೆ. ನಮ್ಮ ತಾಲೂಕಿನ ಹೇಮಾವತಿಯೇ ಹಿಂದಿನ ನೊಳಂಬ ಅರಸರ ರಾಜಧಾನಿ ಹೆಂಜೇರು. ಈಗ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆ. ಊರಿನ ಮನೆಗಳಲ್ಲಿ ಕನ್ನಡವೇ ಹೆಚ್ಚು. ನೊಳಂಬರ ಕಂಬಗಳನ್ನು ಚೋಳರು ಹೊತ್ತುಕೊಂಡು ಹೋದರು. ಅವು ಈಗಲೂ ತಂಜಾವೂರು ಕಡೆ ತಿರುವೈಯಾರಿನ ದೇವಸ್ಥಾನದಲ್ಲಿವೆ. ಬ್ರಿಟಿಷರ ಕಾಲದಲ್ಲಿ ಕೆಲವು ಶಿಲ್ಪಗಳು ಮದ್ರಾಸಿನ ಮ್ಯೂಸಿಯಮ್ಮಿಗೆ ಹೋದವು. ಎಗ್ಮೋರಿನ ಆ ಮ್ಯೂಸಿಯಮ್ಮಿನಲ್ಲಿ ಅವನ್ನು ನೋಡುವವರಿಗೆ ಹೇಮಾವತಿ ಎಲ್ಲಿದೆ ಎಂದೇ ತಿಳಿಯದು.

ಉಳಿದದ್ದು ದೇವಸ್ಥಾನದ ಆವರಣದಲ್ಲಿದೆ. ಪುರಾತತ್ವ ಇಲಾಖೆ ಬೇಲಿ ಹಾಕಿದೆ, ಹುಲ್ಲು ಕತ್ತರಿಸಿದೆ. ನಮ್ಮ ಊರಿನವರು ಹಬ್ಬಕ್ಕೆ ಬರುತ್ತಾರೆ, ಆ ಹುಲ್ಲಿನ ಮೇಲೆ ಬುತ್ತಿ ಬಿಚ್ಚುತ್ತಾರೆ, ಮಕ್ಕಳು ನಂದಿಯ ಮೈ ಸವರುತ್ತವೆ. ಗಾಜಿನ ಪೆಟ್ಟಿಗೆಯ ಮ್ಯೂಸಿಯಂ ನೋಡಿದವರಿಗೆ ಇದು ಅಶಿಸ್ತು. ನನಗೆ ಇದೇ ನಿಜವಾದ ಬಳಕೆ ಎನಿಸುತ್ತದೆ. ನೀವು ಕಟ್ಟುವ ಮ್ಯೂಸಿಯಮ್ಮಿನಲ್ಲಿ ಕುಳಿತುಕೊಳ್ಳಲು ಜಾಗವಿರಲಿ. ಮಹಡಿಯ ಮೇಲೆ ಇಟ್ಟರೆ ಮುದುಕರು ಹತ್ತುವುದಿಲ್ಲ, ಅದನ್ನು ಈಗಲೇ ಯೋಚಿಸಿ.

ಶಾಸನದ ಹುಚ್ಚು

ಮಡಕಶಿರಾದವರಿಗೆ ನಮಸ್ಕಾರ. ಈಗ ನಮ್ಮ ಜಿಲ್ಲೆಯ ಲೆಕ್ಕ ತೆಗೆಯೋಣ.

ಬೇಕಲ ಕೋಟೆ ಕೆಳದಿಯ (ಇಕ್ಕೇರಿಯ) ಅರಸ ಶಿವಪ್ಪ ನಾಯಕನ ಕಾಲದ್ದು, ಹದಿನೇಳನೇ ಶತಮಾನ. ಕೋಟೆಯೊಳಗೆ ಉತ್ಖನನ ಮಾಡಿ ಹಳೆ ಕಟ್ಟಡಗಳ ಅಡಿಪಾಯ ತೆರೆದಿಟ್ಟಿದ್ದಾರೆ. ದಿನಾ ಬರುವ ಜನರಲ್ಲಿ ಎಷ್ಟು ಮಂದಿಗೆ ಕೆಳದಿ ಅರಸರ ಹೆಸರು ಗೊತ್ತು? ಸಿನಿಮಾ ಹಾಡಿನ ಜಾಗ ಎಂದು ಗೊತ್ತಿರುತ್ತದೆ. ಚಂದ್ರಗಿರಿ ಕೋಟೆಯಲ್ಲಿ ಅಷ್ಟೂ ಜನರಿಲ್ಲ. ತಳಂಗರೆಯಲ್ಲಿ ಹಳಗನ್ನಡ ಶಾಸನ ಸಿಕ್ಕಿದೆ, ಅನಂತಪುರದಲ್ಲಿ ತುಳು ಶಾಸನವಿದೆ. ತಳಂಗರೆಯ ಟೊಪ್ಪಿ, ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಕಾಸರಗೋಡು ಸೀರೆ, ಕುಂಬಳೆ ಸೀಮೆಯ ಪಾರ್ತಿಸುಬ್ಬನ ಯಕ್ಷಗಾನ, ತೆಂಗಿನ ಸಂಶೋಧನೆ 1916ರಲ್ಲೇ ಶುರುವಾದ ತೋಟ. ಮ್ಯೂಸಿಯಮ್ಮಿಗೆ ಸಾಮಗ್ರಿ ಇಲ್ಲ ಎಂಬ ಮಾತಿಲ್ಲ. ಆದರೆ ಇವುಗಳಲ್ಲಿ ಕನ್ನಡದ್ದು ಯಾವುದು, ಮಲಯಾಳದ್ದು ಯಾವುದು ಎಂದು ಬೇರೆ ಮಾಡಿ ಇಡಲು ಹೋದರೆ ಅರ್ಧ ಕೋಣೆ ಖಾಲಿಯಾಗುತ್ತದೆ. ಉಪ್ಪಳದ ಅಕ್ಕ ಹೇಳಿದ್ದು ಮ್ಯೂಸಿಯಮ್ಮಿಗೆ ಇನ್ನೂ ಹೆಚ್ಚು ಸಲ್ಲುತ್ತದೆ.

ಕಟ್ಟುವ ಮೊದಲು ಮಂಗಳೂರಿಗೆ ಹೋಗಿ ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯ ನೋಡಿ ಬನ್ನಿ. ಹಡಗಿನ ಆಕಾರದ ಚೆಂದದ ಬಂಗಲೆ, ಕರ್ನಲ್ ಮಿರಾಜ್‌ಕರ್ ತಾಯಿಯ ನೆನಪಿಗೆ ಕೊಟ್ಟದ್ದು, 1960ರಿಂದ ಮ್ಯೂಸಿಯಂ. ಅಂಥ ಕಟ್ಟಡ, ಅಂಥ ದೊಡ್ಡ ನಗರ. ಆದರೂ ನಗರದಲ್ಲಿ ಹುಟ್ಟಿ ಬೆಳೆದು ಅದರೊಳಗೆ ಕಾಲಿಡದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಟ್ಟಡ ಇದ್ದ ಮಾತ್ರಕ್ಕೆ ಜನ ಬರುವುದಿಲ್ಲ.

ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆಯ ಆವರಣದ ಗಿಳಿವಿಂಡು ಸ್ಮಾರಕ ನಮ್ಮದೇ. ಹೊಸದನ್ನು ಕಟ್ಟುವ ಶಕ್ತಿಯನ್ನು ಅಲ್ಲಿ ವಾರವಾರ ಏನಾದರೂ ನಡೆಸಲು ಹಾಕಿದರೆ ಏನು?

ನಿವೃತ್ತ ಅಧ್ಯಾಪಕ, ಬದಿಯಡ್ಕ

ಗೋವಿಂದ ಪೈಗಳ ಮನೆ ಇಲ್ಲಿದೆ, ಅವರ ಪುಸ್ತಕ ಸಂಗ್ರಹ ಉಡುಪಿಯಲ್ಲಿದೆ. ಅಷ್ಟು ಭಾಷೆ ಬಲ್ಲ ಪಂಡಿತ ಓದಿದ ಪುಸ್ತಕಗಳು ಅವರ ಊರಿನಲ್ಲೇ ಇರಬೇಕಿತ್ತು. ಅದು ಅನ್ಯಾಯವಲ್ಲವೇ?

ಶಾಸನದ ಹುಚ್ಚು

ಅಲ್ಲ ಮಾಸ್ತರರೇ. ಎಂಜಿಎಂ ಕಾಲೇಜಿನ ಸಂಶೋಧನ ಕೇಂದ್ರದಲ್ಲಿ ಅವು ಸಂಶೋಧಕರ ಕೈಗೆ ಸಿಗುತ್ತವೆ. ಕಡಲ ಪಕ್ಕದ ಉಪ್ಪು ಗಾಳಿ, ಆರು ತಿಂಗಳ ಮಳೆ, ಗೆದ್ದಲು ಇವೆಲ್ಲ ಪಾಂಡಿತ್ಯ ನೋಡುವುದಿಲ್ಲ. ಹಳೆ ಕಾಗದಕ್ಕೆ ಒಣ ಕೋಣೆ ಬೇಕು, ದಿನಾ ತೆರೆದು ನೋಡುವ ಸಂಬಳದ ಮನುಷ್ಯ ಬೇಕು. ಶಿಲಾನ್ಯಾಸಕ್ಕೆ ಮಂತ್ರಿಗಳು ಬರುತ್ತಾರೆ. ಕರೆಂಟು ಬಿಲ್ಲಿಗೆ ಯಾರೂ ಬರುವುದಿಲ್ಲ.

ನಿವೃತ್ತ ಅಧ್ಯಾಪಕ, ಬದಿಯಡ್ಕ

ಕರೆಂಟು ಬಿಲ್ಲಿನ ಮಾತು ಒಪ್ಪಿದೆ. ಪುಸ್ತಕದ ಮಾತು ಒಪ್ಪಿಲ್ಲ.

ಮಧೂರು ರಸ್ತೆ

ಎಲ್ಲರಿಗೂ ವಂದನೆ. ಮನವಿಯನ್ನು ಬರೆಯುತ್ತೇನೆ, ಆದರೆ ಬೇರೆ ರೀತಿಯಲ್ಲಿ. ಕಟ್ಟಡಕ್ಕೆಂದು ಕೇಳುವ ಬದಲು, ಜಿಲ್ಲೆಯಲ್ಲಿ ಈಗಾಗಲೇ ಲೈಬ್ರರಿ ಕೌನ್ಸಿಲಿಗೆ ಸೇರಿರುವ ಮತ್ತು ಕನ್ನಡ ಓದುಗರಿರುವ ವಾಚನಾಲಯಗಳಿಗೆ ಅವರವರೇ ಆರಿಸಿದ ಪುಸ್ತಕ ಕೊಡಿಸಿ ಎಂದು ಕೇಳಬೇಕೆಂದಿದ್ದೇನೆ. ಕೇರಳ ಪಿ.ಎಸ್.ಸಿ.ಗೆ ಬೇಕಾದ ಕನ್ನಡ ಪುಸ್ತಕವನ್ನು ಯಾರಾದರೂ ಬರೆಸಿ ಅಚ್ಚು ಹಾಕಿಸಿದರೆ ಅದೂ ಪಟ್ಟಿಯಲ್ಲಿ ಇರುತ್ತದೆ. ಹಿರಿಯರು ಒಪ್ಪುತ್ತಾರೋ ಇಲ್ಲವೋ ಹೇಳಲಾರೆ. ಮ್ಯೂಸಿಯಂ ಭಾಗವನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಶಾಸನದವರು ಒಂದು ಪುಟ ಬರೆದುಕೊಟ್ಟರೆ ಸೇರಿಸುತ್ತೇನೆ.

ಅದಕ್ಕೆ ಮೊದಲು ಮೆಟ್ಟಿಲಿನ ಕೆಳಗಿನ ಕಪಾಟಿನಲ್ಲಿ ಏನೇನಿದೆ ಎಂದು ಪಟ್ಟಿ ಮಾಡಬೇಕು. ಈ ಭಾನುವಾರ ಬೆಳಗ್ಗೆ ಯಾರು ಬರಬಹುದು? ಸಮಿತಿಯವರನ್ನು ಕೇಳಿದ್ದೇನೆ, ಬೀಗದ ಕೈ ಕೊಡುತ್ತಾರೆ. ಅವರಿಗೂ ಆ ಕಪಾಟು ಒಂದು ತಲೆನೋವು.

ವಾಚನಾಲಯದ ಕಾರ್ಯದರ್ಶಿ, ಮಂಜೇಶ್ವರ ತಾಲೂಕು

ಪಟ್ಟಿ ಮಾಡುವಾಗ ಪುಸ್ತಕದ ಕ್ರಮಸಂಖ್ಯೆಯನ್ನು ದಾಖಲೆ ಪುಸ್ತಕದ ಜೊತೆ ಹೋಲಿಸಿ ನೋಡಿ. ದಾಖಲೆಯಲ್ಲಿ ಇದ್ದು ಕಪಾಟಿನಲ್ಲಿ ಇಲ್ಲದ್ದು ಯಾರದೋ ಮನೆಯಲ್ಲಿರುತ್ತದೆ. ಹೆಚ್ಚಾಗಿ ನಮ್ಮವರ ಮನೆಯಲ್ಲಿಯೇ. ಸದಸ್ಯತ್ವದ ನಮೂನೆ ಅಲ್ಲೇ ಸಿಗುತ್ತದೆ. ಪಟ್ಟಿಗೆ ಬಂದವರು ಅಂದೇ ಸದಸ್ಯರಾಗಿ, ಒಂದೊಂದು ಪುಸ್ತಕವನ್ನು ಹೆಸರಿಗೆ ಬರೆಸಿಕೊಂಡೇ ಹೊರಡಿ.

ಉಪ್ಪಳದ ಗೃಹಿಣಿ

ನಾನು ಬರುತ್ತೇನೆ, ಎದುರು ಮನೆಯಾಕೆಯನ್ನೂ ಕೇಳುತ್ತೇನೆ. ಶೌಚಾಲಯದ ಬೀಗದ ಕೈಯನ್ನೂ ಕೇಳಿ ಇಟ್ಟುಕೊಳ್ಳಿ.

ನಿವೃತ್ತ ಅಧ್ಯಾಪಕ, ಬದಿಯಡ್ಕ

ಬರುತ್ತೇನೆ. ಕಟ್ಟಡದ ಬೇಡಿಕೆಯನ್ನು ಮನವಿಯ ಕೊನೆಯ ಸಾಲಿನಲ್ಲಾದರೂ ಉಳಿಸಿ.

ಪಿ.ಎಸ್.ಸಿ. ಅಭ್ಯರ್ಥಿ, ಮುಳ್ಳೇರಿಯ

ಭಾನುವಾರ ಬೇಡ, ಶನಿವಾರ ಮಾಡಬಹುದೇ? ಭಾನುವಾರ ನನಗೆ ಮಾದರಿ ಪರೀಕ್ಷೆ ಇದೆ. ಮಾಸ್ತರರೇ, ಟಿಪ್ಪಣಿಯ ಮೊದಲ ಎರಡು ಪಾಠಗಳನ್ನು ಅಂದೇ ತರುತ್ತೇನೆ, ಕೆಂಪು ಪೆನ್ನು ನೀವು ತನ್ನಿ.